ಭತ್ತದಿಂದ ಭತ್ಯೆಗೆ: ಪರಸ್ಥಳದ ಊಟದ ಲೆಕ್ಕ

ಸಂಜೆ ತಾಲ್ಲೂಕು ಕೇಂದ್ರದಿಂದ ಹೊರಟ ಕೊನೆಯ ಬಸ್ಸು ರಾತ್ರಿ ಒಂಬತ್ತರ ಸುಮಾರಿಗೆ ಹಳ್ಳಿಯ ಅರಳಿಕಟ್ಟೆಯ ಮುಂದೆ ನಿಲ್ಲುತ್ತದೆ. ಪ್ರಯಾಣಿಕರು ಇಳಿದು ಮನೆ ಸೇರುತ್ತಾರೆ. ಚಾಲಕ ಮತ್ತು ನಿರ್ವಾಹಕ ಮಾತ್ರ ಅಲ್ಲೇ ಉಳಿಯುತ್ತಾರೆ. ಅದು 'ನೈಟ್ ಹಾಲ್ಟ್' ಬಸ್ಸು. ಬೆಳಗಿನ ಜಾವ ಶಾಲೆ ಕಾಲೇಜಿನ ಹುಡುಗರನ್ನೂ ಸೊಪ್ಪಿನ ಕಟ್ಟುಗಳನ್ನೂ ಹೇರಿಕೊಂಡು ಅದೇ ಬಸ್ಸು ಪಟ್ಟಣಕ್ಕೆ ಮರಳಬೇಕು. ಹಳ್ಳಿಯಲ್ಲಿ ಹೋಟೆಲು ಇಲ್ಲ. ಇದ್ದರೂ ಆ ಹೊತ್ತಿಗೆ ಬಾಗಿಲು ಹಾಕಿರುತ್ತದೆ. ಇಬ್ಬರೂ ತಂದ ಡಬ್ಬಿ ಬಿಚ್ಚುತ್ತಾರೆ. ಅಥವಾ ಊರಿನ ಯಾರೋ ಪುಣ್ಯಾತ್ಮರು ಕರೆದು ಮುದ್ದೆ ಸಾರು ಬಡಿಸುತ್ತಾರೆ. ಆಮೇಲೆ ಸೀಟಿನ ಮೇಲೆ ಒಂದು ಜಮಖಾನ ಹಾಸಿಕೊಂಡರೆ ಅದೇ ಹಾಸಿಗೆ.

ಅದೇ ರಾತ್ರಿ ದಾವಣಗೆರೆಯ ಒಂದು ಲಾಡ್ಜಿನಲ್ಲಿ ಔಷಧ ಕಂಪನಿಯ ಪ್ರತಿನಿಧಿಯೊಬ್ಬ ಅಂದಿನ ಖರ್ಚು ಬರೆಯುತ್ತಿರುತ್ತಾನೆ. ಇನ್ನೊಂದು ಊರಿನ ಬಸ್ ನಿಲ್ದಾಣದಲ್ಲಿ, ಮರುದಿನ ಬೆಳಿಗ್ಗೆ ನ್ಯಾಯಾಲಯದಲ್ಲಿ ಸಾಕ್ಷಿ ಹೇಳಬೇಕಾದ ಕೂಲಿಕಾರನೊಬ್ಬ ಕಲ್ಲುಬೆಂಚಿನ ಮೇಲೆ ಮೈಚಾಚಿರುತ್ತಾನೆ.

ಈ ಮೂವರಿಗೂ ಪರಸ್ಪರ ಪರಿಚಯವಿಲ್ಲ. ಆದರೆ ಮೂವರ ಮುಂದೆ ಇರುವ ಪ್ರಶ್ನೆ ಒಂದೇ. ಇನ್ನೊಬ್ಬರ ಕೆಲಸಕ್ಕಾಗಿ ಮನೆ ಬಿಟ್ಟು ಬಂದವನ ಈ ರಾತ್ರಿಯ ಊಟಕ್ಕೆ ಹಣ ಕೊಡಬೇಕಾದವರು ಯಾರು?

ಇದಕ್ಕೆ ಕೊಟ್ಟ ಉತ್ತರಕ್ಕೆ ನಾವು 'ಭತ್ಯೆ' ಎನ್ನುತ್ತೇವೆ. ಕಚೇರಿಗಳಲ್ಲಿ ಟಿ.ಎ., ಡಿ.ಎ. ಎಂಬ ಎರಡೆರಡು ಅಕ್ಷರಗಳಾಗಿ, ಬಿಲ್ಲುಗಳಾಗಿ, ಆಡಿಟ್ ಆಕ್ಷೇಪಣೆಗಳಾಗಿ, ಕೆಲವೊಮ್ಮೆ ನಗೆಹನಿಗಳಾಗಿ ಓಡಾಡುವ ಈ ಸಣ್ಣ ಮೊತ್ತದ ಹಿಂದೆ ಶತಮಾನಗಳ ಇತಿಹಾಸವಿದೆ. ಅದಕ್ಕಾಗಿ ಬಂಡಾಯಗಳೂ ನಡೆದಿವೆ, ರಕ್ತವೂ ಹರಿದಿದೆ.

ಪದದೊಳಗಿನ ಅಕ್ಕಿ

ಹಿಂದಿನವರು ಪ್ರಯಾಣ ಹೊರಟರೆ ಮೊದಲು ಸಿದ್ಧವಾಗುತ್ತಿದ್ದುದು ಬುತ್ತಿ. ಅವಲಕ್ಕಿ, ರೊಟ್ಟಿ, ಮೊಸರನ್ನ, ಹುರಿಗಾಳು, ಹೀಗೆ ದಾರಿ ಎಷ್ಟು ದಿನದ್ದೋ ಅಷ್ಟು ದಿನ ಕೆಡದೆ ಉಳಿಯುವುದನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಹೊರಡುತ್ತಿದ್ದರು. ಸ್ವಂತ ಕೆಲಸಕ್ಕೆ ಹೊರಟವನಿಗೆ ಇದು ಸರಿ. ಆದರೆ ಒಡೆಯನ ಕೆಲಸಕ್ಕೆ, ಅರಸನ ಕೆಲಸಕ್ಕೆ ತಿಂಗಳುಗಟ್ಟಲೆ ಹೊರಗಿರುವವನು ಎಷ್ಟೆಂದು ಬುತ್ತಿ ಕಟ್ಟಿಕೊಂಡಾನು? ಅವನಿಗೆ ಕಾಳು ಅಳೆದು ಕೊಡಬೇಕಾಯಿತು. ಕಾಳಿನ ಬದಲು ನಾಣ್ಯ ಬಂದ ಮೇಲೂ ಕಾಳಿನ ಹೆಸರು ಉಳಿಯಿತು.

ಇಂಗ್ಲಿಷರ ಕಾಲದ ಕಾಗದಪತ್ರಗಳಲ್ಲಿ ಈ ಹಣಕ್ಕೆ 'ಬಟಾ' ಎಂಬ ಹೆಸರಿದೆ. ಭಾರತದ ಇಂಗ್ಲಿಷಿನಲ್ಲಿ ಸೇರಿಹೋದ ದೇಶೀ ಪದಗಳನ್ನು ಕಲೆಹಾಕಿ ಯೂಲ್ ಮತ್ತು ಬರ್ನೆಲ್ ಎಂಬಿಬ್ಬರು 1886ರಲ್ಲಿ ಪ್ರಕಟಿಸಿದ 'ಹಾಬ್ಸನ್-ಜಾಬ್ಸನ್' ನಿಘಂಟು ಈ ಪದದ ಮೂಲವನ್ನು ಸಾಕಷ್ಟು ಶೋಧಿಸಿದೆ. ಉಳುವವರಿಗೆ ಕೊಡುವ ಮುಂಗಡ ಎಂಬ ಅರ್ಥದ ಹಿಂದಿ ಪದಗಳು, ಹೊರೆ ಕುದುರೆಯ ಜೀನಿಗೆ ಸಂಬಂಧಿಸಿದ ಫ್ರೆಂಚ್ ಪದ, ಹೀಗೆ ಹಲವು ಸಾಧ್ಯತೆಗಳನ್ನು ಪರಿಶೀಲಿಸಿದ ಮೇಲೆ ನಿಘಂಟುಕಾರರು ಹೆಚ್ಚು ಒಪ್ಪಿದ್ದು ಕನ್ನಡದ 'ಭತ್ತ'ವನ್ನು. ಪಶ್ಚಿಮ ಕರಾವಳಿಗೆ ಬಂದಿಳಿದ ಪೋರ್ಚುಗೀಸರು ಇಲ್ಲಿಯ ಭತ್ತವನ್ನು 'ಬಾತಾ' ಎಂದು ಕರೆದರು. ತಮ್ಮ ನೌಕರರಿಗೆ ಸಂಬಳದ ಜೊತೆಗೆ ಕೊಡುತ್ತಿದ್ದ ಹೊಟ್ಟೆಪಾಡಿನ ಹಣಕ್ಕೂ ಅದೇ ಹೆಸರಿಟ್ಟರು. 16ನೇ ಶತಮಾನದ ಪೋರ್ಚುಗೀಸ್ ಲೆಕ್ಕಪತ್ರಗಳಲ್ಲಿ ಸಂಬಳ ಬೇರೆ, ಬಾತಾ ಬೇರೆ ಎಂದು ಬರೆದಿರುವುದನ್ನು ಈ ನಿಘಂಟು ತೋರಿಸುತ್ತದೆ.

ಕನ್ನಡದ ಭತ್ತವಾದರೂ ಬಂದದ್ದು ಸಂಸ್ಕೃತದ 'ಭಕ್ತ'ದಿಂದ ಎನ್ನುತ್ತಾರೆ. ದೇವರ ಭಕ್ತನಲ್ಲ, ಇಲ್ಲಿ ಭಕ್ತ ಎಂದರೆ ಪಾಲು, ಅನ್ನ. ಹೀಗೆ ನೋಡಿದರೆ ಗದ್ದೆಯ ಭತ್ತವೂ ಖಜಾನೆಯ ಭತ್ಯೆಯೂ ಒಂದೇ ಮನೆತನದವು.

'ಬಾಟಾ' ಇಂದಿಗೂ ಸತ್ತಿಲ್ಲ. ಬೆಂಗಳೂರಿನಲ್ಲಿ ಬಾಡಿಗೆ ಕಾರು ಗೊತ್ತು ಮಾಡಿ ಧರ್ಮಸ್ಥಳಕ್ಕೋ ತಿರುಪತಿಗೋ ಹೊರಟರೆ ಕಿಲೋಮೀಟರಿನ ದರದ ಜೊತೆಗೆ 'ಡ್ರೈವರ್ ಬಾಟಾ ಬೇರೆ' ಎಂಬ ಮಾತು ಬಂದೇ ಬರುತ್ತದೆ. ಸಿನಿಮಾ ಚಿತ್ರೀಕರಣದಲ್ಲಿ ದುಡಿಯುವವರೂ ದಿನದ ಬಾಟಾ ಕೇಳುತ್ತಾರೆ. ನ್ಯಾಯಾಲಯದಲ್ಲಿ ಸಾಕ್ಷಿಗೂ ಬಾಟಾ ಉಂಟು. ಯಾರಿಗೂ ಇದು ಚಪ್ಪಲಿ ಕಂಪನಿಯ ಹೆಸರಲ್ಲ, ನಮ್ಮದೇ ಗದ್ದೆಯ ಕಾಳು ಎಂಬ ನೆನಪಿಲ್ಲ, ಅಷ್ಟೇ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಗೆಹರಿಸಿಕೊಳ್ಳುವುದು ಒಳ್ಳೆಯದು. ಸರ್ಕಾರಿ ನೌಕರರ ಬಾಯಲ್ಲಿ 'ಡಿ.ಎ.' ಎರಡುಂಟು. ಬೆಲೆಯೇರಿಕೆಗೆ ಪರಿಹಾರವಾಗಿ ಪ್ರತಿ ತಿಂಗಳೂ ಸಂಬಳದೊಡನೆ ಬರುವುದು ತುಟ್ಟಿಭತ್ಯೆ. ಊರು ಬಿಟ್ಟು ಕೆಲಸಕ್ಕೆ ಹೋದ ದಿನಗಳಿಗೆ ಮಾತ್ರ ಸಿಗುವುದು ದಿನಭತ್ಯೆ. ಬಸ್ಸು, ರೈಲಿನ ಖರ್ಚಿಗೆ ಕೊಡುವುದು ಪ್ರಯಾಣಭತ್ಯೆ. ಇಲ್ಲಿಯ ಮಾತು ದಿನಭತ್ಯೆಯದು, ಅಂದರೆ ಪರಸ್ಥಳದ ಊಟ ಮತ್ತು ರಾತ್ರಿಯದು.

ಕೌಟಿಲ್ಯನ ದೂತ

ರಾಜ್ಯಾಡಳಿತ ಇರುವಲ್ಲೆಲ್ಲ ಪ್ರಯಾಣದ ಖರ್ಚಿನ ಲೆಕ್ಕ ಇದ್ದೇ ಇರುತ್ತದೆ. ಕೌಟಿಲ್ಯನ 'ಅರ್ಥಶಾಸ್ತ್ರ'ವೇ ಇದಕ್ಕೆ ಸಾಕ್ಷಿ. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಈ ಗ್ರಂಥದ ಹಸ್ತಪ್ರತಿ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು, 1909ರಲ್ಲಿ ಅಚ್ಚಾಯಿತು ಎಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ.

ರಾಜಸೇವಕರ ಸಂಬಳವನ್ನು ಗೊತ್ತುಪಡಿಸುವ ಅಧ್ಯಾಯದಲ್ಲಿ ಕೌಟಿಲ್ಯ ದೂತನ ವಿಷಯವನ್ನೂ ಎತ್ತುತ್ತಾನೆ. ಮಧ್ಯಮ ದರ್ಜೆಯ ದೂತನಿಗೆ ಯೋಜನಕ್ಕೆ ಹತ್ತು ಪಣ. ಹತ್ತು ಯೋಜನ ಮೀರಿ ನೂರು ಯೋಜನದವರೆಗೆ ಹೋಗಬೇಕಾದರೆ ಅದರ ಎರಡರಷ್ಟು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಇದು ಮೈಲೇಜು ಭತ್ಯೆ. ದೂರ ಹೆಚ್ಚಿದಂತೆ ದರವೂ ಏಕೆ ಹೆಚ್ಚಬೇಕು? ಹತ್ತಿರದ ಊರಿಗೆ ಹೋದವನು ಬುತ್ತಿಯಲ್ಲಿ ಕಾಲ ಕಳೆದು ಮನೆಗೆ ಮರಳಬಹುದು. ದೂರ ಹೋದವನು ದಾರಿಯಲ್ಲಿ ಕೊಂಡು ತಿನ್ನಬೇಕು, ಪರರ ಸೂರಿನಡಿ ಮಲಗಬೇಕು. ಇಂದಿನ ಭತ್ಯೆಯ ನಿಯಮಗಳೆಲ್ಲ ನಿಂತಿರುವುದೂ ಈ ವ್ಯತ್ಯಾಸದ ಮೇಲೆಯೇ.

ಅದೇ ಗ್ರಂಥದಲ್ಲಿ 'ಭಕ್ತವೇತನ' ಎಂಬ ಜೋಡುಪದ ಮತ್ತೆ ಮತ್ತೆ ಬರುತ್ತದೆ. ಅನ್ನ ಮತ್ತು ಸಂಬಳ. ಎರಡನ್ನೂ ಜೊತೆಗಿಟ್ಟರೂ ಬೆರೆಸಿಲ್ಲ. ಸಂಬಳ ದುಡಿಮೆಯ ಬೆಲೆ. ಅನ್ನ ದುಡಿಯುವವನನ್ನು ಉಳಿಸಿಕೊಳ್ಳುವ ಖರ್ಚು.

ಸರ್ಕಾರ ಕೊಡದಿದ್ದರೆ

ಹಾಗಾದರೆ ಅರಸರೆಲ್ಲ ತಮ್ಮ ಆಳುಗಳ ದಾರಿಖರ್ಚನ್ನು ಕೊಡುತ್ತಿದ್ದರೆ? ಇಲ್ಲ. ಕೊಡದಿದ್ದಾಗ ಏನಾಗುತ್ತಿತ್ತು ಎಂಬುದನ್ನು ತಿಳಿಯಲು ತಾಮ್ರಶಾಸನಗಳನ್ನು ನೋಡಬೇಕು.

ಈಗಿನ ವಿಜಯನಗರ ಜಿಲ್ಲೆಯ ಹಿರೇಹಡಗಲಿಯಲ್ಲಿ ಪಲ್ಲವ ದೊರೆ ಶಿವಸ್ಕಂದವರ್ಮನ ತಾಮ್ರಪಟಗಳು ಸಿಕ್ಕಿವೆ. ಪ್ರಾಕೃತ ಭಾಷೆಯ ಈ ಶಾಸನ 4ನೇ ಶತಮಾನದ್ದೆಂದು ವಿದ್ವಾಂಸರ ಅಂದಾಜು. ಬ್ರಾಹ್ಮಣರಿಗೆ ದತ್ತಿ ಬಿಡುವಾಗ ದೊರೆ ಅವರಿಗೆ ಹಲವು ವಿನಾಯಿತಿಗಳನ್ನು ಕೊಡುತ್ತಾನೆ. ಆ ಪಟ್ಟಿ ಓದಿದರೆ ಒಂದು ಅಡುಗೆಮನೆಯೇ ಕಣ್ಣಮುಂದೆ ಬರುತ್ತದೆ. ಇಲ್ಲಿಂದ ಹಾಲು ಮೊಸರು ಎತ್ತುವಂತಿಲ್ಲ. ಉಪ್ಪು ಬೆಲ್ಲಕ್ಕಾಗಿ ಕಾಡುವಂತಿಲ್ಲ. ಹುಲ್ಲು ಸೌದೆ ಒಯ್ಯುವಂತಿಲ್ಲ. ಸೊಪ್ಪು ತರಕಾರಿ, ಹೂವು ಕೀಳುವಂತಿಲ್ಲ. ಸರದಿಯ ಮೇಲೆ ಎತ್ತು ಹಿಡಿಯುವಂತಿಲ್ಲ. ಬಿಟ್ಟಿ ಮಾಡಿಸುವಂತಿಲ್ಲ.

ದತ್ತಿಯ ಊರಿಗೆ ಇಷ್ಟೆಲ್ಲ ವಿನಾಯಿತಿ ಬರೆದುಕೊಡಬೇಕಾಯಿತೆಂದರೆ ಉಳಿದ ಊರುಗಳ ಪಾಡು ಏನೆಂದು ಊಹಿಸಬಹುದು. ಅರಸನ ಕಡೆಯವರು, ದಂಡಿನವರು ಬಂದರೆಂದರೆ ಹಾಲು, ಮೊಸರು, ಸೌದೆ, ಎತ್ತು ಎಲ್ಲವೂ ಊರಿನವರ ತಲೆಯ ಮೇಲೆ. ಬಂದವನ ಭತ್ಯೆಯನ್ನು ಕೊಡುತ್ತಿದ್ದವನು ದೊರೆಯಲ್ಲ, ರೈತ. ಕನ್ನಡದಲ್ಲಿ 'ಬಿಟ್ಟಿ' ಎಂಬ ಮಾತಿಗೆ ಇಂದು ಪುಕ್ಕಟೆ ಎಂಬ ಹಗುರ ಅರ್ಥವಷ್ಟೇ ಉಳಿದಿದೆ. ಮೂಲದಲ್ಲಿ ಅದು ಕೂಲಿಯಿಲ್ಲದ ಬಲವಂತದ ದುಡಿಮೆ.

ಈ ಪದ್ಧತಿ ಅರಸರ ಕಾಲಕ್ಕೇ ಮುಗಿಯಲಿಲ್ಲ. ದೂರದ ಹಿಮಾಲಯದ ತಪ್ಪಲಿನ ಕುಮಾವೂಂನಲ್ಲಿ ಬ್ರಿಟಿಷ್ ಅಧಿಕಾರಿಗಳು ಸರ್ಕೀಟು ಹೊರಟರೆ ಹಳ್ಳಿಯವರು ಸರದಿಯ ಮೇಲೆ ಅವರ ಗಂಟುಮೂಟೆ ಹೊರಬೇಕಿತ್ತು. ತಂಗಿದಲ್ಲಿ ಹಾಲು, ಧಾನ್ಯ, ಸೌದೆ ಒದಗಿಸಬೇಕಿತ್ತು. ಯಾವ ಮನೆಯ ಸರದಿ ಎಂದು ಬರೆದಿಡಲು ಊರ ಮುಖಂಡರ ಬಳಿ ಪುಸ್ತಕಗಳಿದ್ದವು. 1921ರ ಮಕರ ಸಂಕ್ರಾಂತಿಯಂದು ಬಾಗೇಶ್ವರದ ಜಾತ್ರೆಯಲ್ಲಿ ಸಾವಿರಾರು ಜನ ಸೇರಿ, ಬದ್ರಿದತ್ತ ಪಾಂಡೆ ಮೊದಲಾದವರ ಮುಂದಾಳತನದಲ್ಲಿ, ಇನ್ನು ಮುಂದೆ ಹೊರುವುದಿಲ್ಲ ಎಂದು ಪ್ರತಿಜ್ಞೆ ಮಾಡಿದರು. ಆ ಪುಸ್ತಕಗಳನ್ನು ಸರಯೂ ನದಿಗೆ ಎಸೆದರು. ಅಸಹಕಾರ ಚಳವಳಿಯ ಆರಂಭದ ಗೆಲುವುಗಳಲ್ಲಿ ಇದೂ ಒಂದು. ಪ್ರವಾಸಿ ಅಧಿಕಾರಿಯ ಖರ್ಚನ್ನು ಹಳ್ಳಿ ಹೊರುವುದಿಲ್ಲ ಎಂಬುದೇ ಅಲ್ಲಿಯ ಜನ ಹೇಳಿದ ಮಾತಿನ ಸಾರ.

ಬಟಾಕ್ಕಾಗಿ ಬಂಡಾಯ

ಪ್ರಯಾಣಿಕನ ಖರ್ಚನ್ನು ಹಳ್ಳಿ ಕೊಟ್ಟರೆ ಹಳ್ಳಿ ಸೊರಗುತ್ತದೆ. ಒಡೆಯನೇ ಕೊಟ್ಟರೆ? ಅಲ್ಲೂ ತಂಟೆ ತಪ್ಪಿದ್ದಲ್ಲ ಎನ್ನುವುದಕ್ಕೆ ಈಸ್ಟ್ ಇಂಡಿಯಾ ಕಂಪನಿಯ ಚರಿತ್ರೆ ಇದೆ.

ಕಂಪನಿಯ ಸೈನ್ಯದಲ್ಲಿ ಬಟಾ ಎಂದರೆ ದಂಡು ಪಾಳೆಯ ಬಿಟ್ಟು ಹೊರಟಾಗ ಅಧಿಕಾರಿಗಳಿಗೆ ಕೊಡುವ ಹೆಚ್ಚುವರಿ ಹಣ. 1757ರ ಪ್ಲಾಸಿ ಕದನದ ನಂತರ ಬಂಗಾಳದ ನವಾಬನಾದ ಮೀರ್ ಜಾಫರ್ ಇದನ್ನು ಎರಡು ಪಟ್ಟು ಮಾಡಿದ. ಯುದ್ಧ ಮುಗಿದರೂ 'ಇಮ್ಮಡಿ ಬಟಾ' ಮುಗಿಯಲಿಲ್ಲ. ಅಧಿಕಾರಿಗಳು ಅದನ್ನು ಸಂಬಳದ ಭಾಗವೆಂದೇ ತಿಳಿದರು. ಇಂಗ್ಲೆಂಡಿನ ನಿರ್ದೇಶಕರು ನಿಲ್ಲಿಸಿ ಎಂದು ಬರೆದ ಆಜ್ಞೆಗಳು ಕಡತದಲ್ಲೇ ಉಳಿದವು.

ಕೊನೆಗೆ ರಾಬರ್ಟ್ ಕ್ಲೈವ್ 1766ರ ಜನವರಿ 1ರಿಂದ ಇದಕ್ಕೆ ಕತ್ತರಿ ಹಾಕಿದ. ಕೆಲವೇ ತಿಂಗಳಲ್ಲಿ ಸುಮಾರು ಇನ್ನೂರು ಬಿಳಿ ಅಧಿಕಾರಿಗಳು ಒಂದೇ ದಿನ ರಾಜೀನಾಮೆ ಕೊಡಲು ಗುಟ್ಟಾಗಿ ಒಪ್ಪಂದ ಮಾಡಿಕೊಂಡರು. ಕ್ಲೈವ್ ಮುಂಗೇರಿಗೆ ಧಾವಿಸಿ ದೇಶೀ ಸಿಪಾಯಿಗಳ ಬೆಂಬಲದಿಂದ ಬಂಡಾಯವನ್ನು ಅಡಗಿಸಿದ. ಒಳಗಿಂದ ಕುಮ್ಮಕ್ಕು ಕೊಟ್ಟ ಸರ್ ರಾಬರ್ಟ್ ಫ್ಲೆಚರ್ ಸೈನ್ಯದಿಂದ ವಜಾ ಆದ. ಸ್ವಾರಸ್ಯವೆಂದರೆ ಮುಂದೆ ಅವನು ಮತ್ತೆ ಕೆಲಸಕ್ಕೆ ಸೇರಿ ಮದರಾಸಿನ ಸೇನಾಪತಿಯೂ ಆದ.

ಬಿಳಿಯರು ಬಟಾ ಕೇಳಿದಾಗ ಹೀಗಾಯಿತು. ಸಿಪಾಯಿಗಳು ಕೇಳಿದಾಗ ಏನಾಯಿತು? 1824ರಲ್ಲಿ ಮೊದಲನೆಯ ಬರ್ಮಾ ಯುದ್ಧಕ್ಕೆ ಹೊರಡಲು ಕಲ್ಕತ್ತೆಯ ಬಳಿಯ ಬ್ಯಾರಕ್‌ಪುರದಲ್ಲಿದ್ದ 47ನೇ ದೇಶೀ ಪಡೆಗೆ ಆಜ್ಞೆಯಾಯಿತು. ಈ ಸಿಪಾಯಿಗಳಲ್ಲಿ ಪ್ರತಿಯೊಬ್ಬನೂ ತನ್ನ ಹಿತ್ತಾಳೆಯ ಪಾತ್ರೆಯಲ್ಲಿ ತಾನೇ ಅಡುಗೆ ಮಾಡಿಕೊಳ್ಳುವವನು. ಪಾತ್ರೆ, ಹಾಸಿಗೆ ಹೊರಲು ಎತ್ತು ಬೇಕು. ಯುದ್ಧದ ಗಡಿಬಿಡಿಯಲ್ಲಿ ಎತ್ತುಗಳ ಬೆಲೆ ಗಗನಕ್ಕೇರಿತ್ತು. ಎತ್ತಿನ ಖರ್ಚು ಸಿಪಾಯಿಯದೇ ಎಂದಿತು ಸರ್ಕಾರ. ಹಾಗಿದ್ದರೆ ಇಮ್ಮಡಿ ಬಟಾ ಕೊಡಿ, ಇಲ್ಲದಿದ್ದರೆ ಹೊರಡುವುದಿಲ್ಲ ಎಂದರು ಸಿಪಾಯಿಗಳು. ನವೆಂಬರ್ 2ರಂದು ಸೇನಾಪತಿ ಪ್ಯಾಗೆಟ್ ಅವರ ಮೇಲೆ ಫಿರಂಗಿ ಹಾರಿಸಿದ. ಓಡುತ್ತಿದ್ದವರೂ ಪ್ರಾಣ ಕಳೆದುಕೊಂಡರು. ಮುಂದಾಳು ಬಿಂದಾ ತಿವಾರಿಯನ್ನು ಗಲ್ಲಿಗೇರಿಸಲಾಯಿತು. ಪಡೆಯ ಹೆಸರನ್ನೇ ಪಟ್ಟಿಯಿಂದ ಹೊಡೆದು ಹಾಕಲಾಯಿತು.

ಬಟಾದ ಕತ್ತರಿ ಅಲ್ಲಿಗೂ ನಿಲ್ಲಲಿಲ್ಲ. 1828ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ರಾಜಧಾನಿಯ ಸಮೀಪದ ಕೆಲವು ನೆಲೆಗಳಲ್ಲಿದ್ದ ಅಧಿಕಾರಿಗಳ ಪೂರ್ಣ ಬಟಾವನ್ನು ಅರ್ಧಕ್ಕಿಳಿಸಿ ಅವರ ಬಹುಕಾಲದ ದ್ವೇಷ ಕಟ್ಟಿಕೊಂಡ. 1843ರಲ್ಲಿ ಕಂಪನಿ ಸಿಂಧ್ ಪ್ರಾಂತವನ್ನು ವಶಪಡಿಸಿಕೊಂಡಾಗ ಒಂದು ವಿಚಿತ್ರ ತರ್ಕ ಹುಟ್ಟಿತು. ಸಿಂಧ್ ಪರದೇಶವಾಗಿದ್ದಷ್ಟು ದಿನ ಅಲ್ಲಿಗೆ ಹೋದ ಸಿಪಾಯಿಗೆ ಪರದೇಶದ ಬಟಾ ಸಿಗುತ್ತಿತ್ತು. ಈಗ ಅದು ನಮ್ಮದೇ ನೆಲವಲ್ಲವೆ, ಬಟಾ ಏಕೆ ಎಂದಿತು ಕಂಪನಿ. ಅವಧ್ ಸೀಮೆಯ ಹಳ್ಳಿಯಿಂದ ಬಂದ ಸಿಪಾಯಿಗೆ ಸಿಂಧ್ ಮೊದಲಿನಷ್ಟೇ ದೂರ, ಗೋಧಿಹಿಟ್ಟು ಅಷ್ಟೇ ತುಟ್ಟಿ. ನಕ್ಷೆಯ ಬಣ್ಣ ಬದಲಾದರೆ ಹೊಟ್ಟೆ ತುಂಬುತ್ತದೆಯೆ? ಹೊರಡಲು ಒಪ್ಪದ 34ನೇ ಪಡೆಯನ್ನು 1844ರಲ್ಲಿ ವಿಸರ್ಜಿಸಲಾಯಿತು. 1849ರಲ್ಲಿ ಪಂಜಾಬ್ ಸೇರ್ಪಡೆಯಾದ ಮೇಲೆ ಅಲ್ಲೂ ಇದೇ ಕಥೆ. 1857ಕ್ಕೆ ಮುನ್ನ ಸಿಪಾಯಿಗಳ ಮನಸ್ಸಿನಲ್ಲಿ ಮಡುಗಟ್ಟಿದ್ದ ಅಸಮಾಧಾನಗಳ ಪಟ್ಟಿಯಲ್ಲಿ ಇತಿಹಾಸಕಾರರು ಬಟಾದ ಕಡಿತವನ್ನೂ ಸೇರಿಸುತ್ತಾರೆ.

ಲಾಭವೂ ಬೇಡ, ನಷ್ಟವೂ ಬೇಡ

ಇಷ್ಟೆಲ್ಲ ರಾದ್ಧಾಂತದಿಂದ ಆಡಳಿತಗಾರರು ಕಲಿತ ಪಾಠವನ್ನು ಒಂದು ಸಾಲಿನಲ್ಲಿ ಹೇಳಬಹುದು. ಭತ್ಯೆ ಸಂಬಳವಲ್ಲ. 1922ರಲ್ಲಿ ಜಾರಿಗೆ ಬಂದ 'ಮೂಲಭೂತ ನಿಯಮಗಳು' ಇಂದಿಗೂ ಕೇಂದ್ರ ಸರ್ಕಾರಿ ನೌಕರರ ಸೇವೆಗೆ ಅಡಿಪಾಯ. ಅದರ 44ನೇ ನಿಯಮದ ತಿರುಳು ಇಷ್ಟೇ: ಪರಿಹಾರ ರೂಪದ ಭತ್ಯೆಯು ಒಟ್ಟಾರೆ ಪಡೆದವನಿಗೆ ಲಾಭದ ಮೂಲವಾಗಬಾರದು. ರಾಜ್ಯದಲ್ಲಿ ಆಗಿನ ಮೈಸೂರು ಸರ್ಕಾರ 1958ರಲ್ಲಿ ರಚಿಸಿದ ನಾಗರಿಕ ಸೇವಾ ನಿಯಮಗಳೂ ಪ್ರಯಾಣಭತ್ಯೆಗೆ ಪ್ರತ್ಯೇಕ ಜಾಗ ಕೊಟ್ಟಿವೆ.

ಲಾಭವಾಗಬಾರದು, ಸರಿ. ನಷ್ಟವೂ ಆಗಬಾರದಲ್ಲ? ಈ ಎರಡರ ನಡುವಿನ ಗೆರೆ ಎಳೆಯುವುದೇ ಕಷ್ಟ. ಮನೆಯಲ್ಲಿದ್ದರೂ ಮನುಷ್ಯ ಉಣ್ಣುತ್ತಾನೆ. ಹೊರಗೆ ಹೋದಾಗ ಅವನ ಇಡೀ ಊಟದ ಖರ್ಚನ್ನು ಕೊಡಬೇಕೋ, ಮನೆಯೂಟಕ್ಕಿಂತ ಹೆಚ್ಚಾದದ್ದನ್ನಷ್ಟೇ ಕೊಡಬೇಕೋ? ಎಷ್ಟು ದೂರ ಹೋದರೆ 'ಹೊರಗೆ' ಹೋದಂತೆ? ಕೇಂದ್ರದ ನಿಯಮದ ಪ್ರಕಾರ ಕೆಲಸದ ಸ್ಥಳದಿಂದ 8 ಕಿಲೋಮೀಟರ್ ದಾಟಬೇಕು. ಮೈಲಿಗಳ ಕಾಲದಲ್ಲಿ ಇದು ಐದು ಮೈಲಿ ಆಗಿತ್ತು. ಬೆಳಿಗ್ಗೆ ನಡೆದು ಹೋಗಿ ಸಂಜೆಗೆ ಮನೆ ಸೇರಬಹುದಾದ ದೂರ ಎಂದುಕೊಂಡರೆ ಲೆಕ್ಕ ಅರ್ಥವಾಗುತ್ತದೆ.

ಇನ್ನು ಮೊತ್ತದ ಮಾತು. ಆರನೇ ಕೇಂದ್ರ ವೇತನ ಆಯೋಗದ ನಂತರ, 2008ರಲ್ಲಿ, ಕೇಂದ್ರ ಸರ್ಕಾರ ಊಟದ ಬಿಲ್ಲು ತಂದರೆ ಮಾತ್ರ ಹಣ ಎಂಬ ಕ್ರಮ ತಂದಿತು. ದಿನದ ಮಿತಿ ಮೇಲಿನ ಅಧಿಕಾರಿಗಳಿಗೆ ರೂ. 500, ಕೆಳಗಿನ ನೌಕರರಿಗೆ ರೂ. 100. ನೋಡಲು ಇದು ಅಚ್ಚುಕಟ್ಟು. ಖರ್ಚಾದಷ್ಟೇ ಕೊಟ್ಟರೆ ಲಾಭದ ಪ್ರಶ್ನೆಯೇ ಇಲ್ಲ. ಆದರೆ ತಳ್ಳುಗಾಡಿಯ ಇಡ್ಲಿಗೆ, ಖಾನಾವಳಿಯ ರೊಟ್ಟಿಗೆ, ನಿಲ್ದಾಣದ ಚಹಾಕ್ಕೆ ಬಿಲ್ಲು ಕೊಡುವವರು ಯಾರು? ಬಿಲ್ಲು ಸಿಗುವುದು ದೊಡ್ಡ ಹೋಟೆಲಿನಲ್ಲಿ. ದಿನಕ್ಕೆ ನೂರು ರೂಪಾಯಿಯ ಮಿತಿ ಇರುವವನು ಅಲ್ಲಿಗೆ ಹೋಗುವಂತಿಲ್ಲ. ಹಾಗಾಗಿ ಪ್ರಾಮಾಣಿಕ ಹಣ ಕಳೆದುಕೊಳ್ಳುತ್ತಾನೆ, ಜಾಣ ಬಿಲ್ಲು ಹುಟ್ಟಿಸುತ್ತಾನೆ. ಸುಳ್ಳು ಹೇಳದೆ ನಿಜವಾದ ಖರ್ಚನ್ನೂ ಪಡೆಯಲಾಗದ ಸ್ಥಿತಿಗೆ ನೌಕರನನ್ನು ದೂಡುವ ನಿಯಮ ಒಳ್ಳೆಯ ನಿಯಮವಲ್ಲ.

ಏಳನೇ ವೇತನ ಆಯೋಗದ ನಂತರ, 2017ರ ಜುಲೈನಿಂದ, ಈ ಕ್ರಮ ಬದಲಾಯಿತು. ಊಟಕ್ಕೆ ಬಿಲ್ಲು ಬೇಡ, ಇಡಿಗಂಟು ಸಾಕು ಎಂದು ಆದೇಶ ಬಂತು. ಕೇಂದ್ರಸ್ಥಾನದಿಂದ ಹೊರಗಿದ್ದ ಹೊತ್ತು 6 ಗಂಟೆಗಿಂತ ಕಡಿಮೆಯಿದ್ದರೆ ದಿನದ ಮೊತ್ತದಲ್ಲಿ ಶೇ 30, 6ರಿಂದ 12 ಗಂಟೆಗೆ ಶೇ 70, ಅದನ್ನೂ ಮೀರಿದರೆ ಪೂರ್ತಿ. ಅಂದು ಗೊತ್ತಾದ ದಿನದ ಮೊತ್ತ ಅತಿ ಕೆಳಗಿನ ಹಂತಕ್ಕೆ ರೂ. 500, ಅತಿ ಮೇಲಿನ ಹಂತಕ್ಕೆ ರೂ. 1,200. ತುಟ್ಟಿಭತ್ಯೆ ಶೇ 50 ಏರಿದಾಗಲೆಲ್ಲ ಈ ದರಗಳೂ ಶೇ 25 ಏರಬೇಕೆಂದು ಅದೇ ಆದೇಶ ಹೇಳಿತು. ತುಟ್ಟಿಭತ್ಯೆ ಆ ಮಟ್ಟ ಮುಟ್ಟಿದ್ದು 2024ರ ಜನವರಿಯಲ್ಲಿ.

ಈ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. 2008ರಲ್ಲಿ ಮೇಲಿನವನ ಊಟ ಕೆಳಗಿನವನ ಊಟದ ಐದು ಪಟ್ಟು. 2017ರಲ್ಲಿ ಎರಡೂವರೆ ಪಟ್ಟಿಗಿಂತ ತುಸು ಕಡಿಮೆ. ಹಸಿವಿಗೂ ದರ್ಜೆಗಳಿವೆ ಎಂಬ ನಂಬಿಕೆ ಪೂರ್ತಿ ಹೋಗಿಲ್ಲ, ಆದರೆ ಸಡಿಲವಾಗಿದೆ. ನಿದ್ದೆಯ ವಿಷಯದಲ್ಲಿ ಮಾತ್ರ ದರ್ಜೆ ಗಟ್ಟಿಯಾಗಿಯೇ ಇದೆ. 2017ರ ಅದೇ ಆದೇಶದಲ್ಲಿ ಹೋಟೆಲು ಕೋಣೆಯ ಮಿತಿ ಮೇಲಿನವರಿಗೆ ದಿನಕ್ಕೆ ರೂ. 7,500, ಕೆಳಗಿನವರಿಗೆ ರೂ. 450. ದೊಡ್ಡ ನಗರಗಳಲ್ಲಿ ಆ ಹಣಕ್ಕೆ ನೆಮ್ಮದಿಯ ಕೋಣೆ ಹುಡುಕುವುದೇ ಇನ್ನೊಂದು ಪ್ರವಾಸ. ಕೆಳ ಹಂತದವರು ಇದಕ್ಕೆ ರಸೀದಿ ತರಬೇಕಿಲ್ಲ, ತಾವೇ ದೃಢೀಕರಿಸಿ ಬರೆದುಕೊಟ್ಟರೆ ಸಾಕು ಎಂಬುದೊಂದು ಸಮಾಧಾನ.

'ಔಟ್‌ಸ್ಟೇಷನ್' ಎಂಬ ಗೆರೆ

ಖಾಸಗಿ ರಂಗದಲ್ಲಿ ಈ ಲೆಕ್ಕವನ್ನು ಚೆನ್ನಾಗಿ ಬಲ್ಲವರು ಔಷಧ ಕಂಪನಿಗಳ ಮಾರಾಟ ಪ್ರತಿನಿಧಿಗಳು. ಅವರ ಜಗತ್ತಿನಲ್ಲಿ ಊರುಗಳು ಮೂರೇ ಬಗೆ. ವಾಸದ ಊರು 'ಹೆಡ್‌ಕ್ವಾರ್ಟರ್ಸ್'. ಬೆಳಿಗ್ಗೆ ಹೋಗಿ ರಾತ್ರಿ ಮರಳುವ ಊರು 'ಎಕ್ಸ್-ಸ್ಟೇಷನ್'. ತಂಗಬೇಕಾದ ಊರು 'ಔಟ್‌ಸ್ಟೇಷನ್'. ಮೂರಕ್ಕೂ ಬೇರೆ ಬೇರೆ ದರ. ಶಿವಮೊಗ್ಗದಲ್ಲಿ ಮನೆ ಮಾಡಿದವನಿಗೆ ಭದ್ರಾವತಿಯಲ್ಲಿ ತಂಗುವ ಪ್ರಮೇಯವಿಲ್ಲ; ಚಿತ್ರದುರ್ಗದಲ್ಲಿ ಬರಬಹುದು. ಕೊನೆಯ ವೈದ್ಯರನ್ನು ಕಾಣುವಾಗ ರಾತ್ರಿ ಹತ್ತಾಗಿ ಕಡೆಯ ಬಸ್ಸು ತಪ್ಪಿತೆಂದರೆ, ಪಟ್ಟಿಯಲ್ಲಿ ಆ ಊರು ಎಕ್ಸ್-ಸ್ಟೇಷನ್ ಎಂದಿದ್ದರೆ, ಲಾಡ್ಜಿನ ಹಣ ಅವನ ಜೇಬಿನಿಂದಲೇ. ಸಿಂಧ್ ನಮ್ಮದೇ ನೆಲ ಎಂದ ಕಂಪನಿಯ ತರ್ಕಕ್ಕೂ ಇದಕ್ಕೂ ಇರುವ ಅಂತರ ಬಹಳವಲ್ಲ. ಗೆರೆ ಎಳೆಯುವವನು ಕಚೇರಿಯಲ್ಲಿರುತ್ತಾನೆ, ಹಸಿವಾಗುವವನು ದಾರಿಯಲ್ಲಿ.

ಕೈಗೆ ಬಂದ ಇಡಿಗಂಟಿನಲ್ಲಿ ನಾಲ್ಕು ಕಾಸು ಉಳಿಸುವವರೂ ಇದ್ದಾರೆ. ಇಬ್ಬರು ಮೂವರು ಸೇರಿ ಒಂದೇ ಕೋಣೆ ಹಿಡಿಯುತ್ತಾರೆ. ರಾತ್ರಿ ಎರಡು ಬಾಳೆಹಣ್ಣು, ಒಂದು ಬನ್ನಿನಲ್ಲಿ ಮುಗಿಸುತ್ತಾರೆ. ಉಳಿದದ್ದು ಮಗುವಿನ ಶಾಲೆಯ ಶುಲ್ಕಕ್ಕೆ. ಲೆಕ್ಕಪರಿಶೋಧಕನ ಕಣ್ಣಿಗೆ ಇದು ಲಾಭ. ಆದರೆ ಇಂಥವರ ಭತ್ಯೆ ಸಂಬಳದ ಕೊರತೆಯನ್ನು ತುಂಬುತ್ತಿದೆ ಎಂದಷ್ಟೇ ಇದರ ಅರ್ಥ. ಪ್ಲಾಸಿಯ ನಂತರದ ಅಧಿಕಾರಿಗಳಿಗೂ ಬನ್ನು ತಿಂದು ಮಲಗುವ ಈ ಪ್ರತಿನಿಧಿಗೂ ಹೋಲಿಕೆ ಇಲ್ಲಿಗೇ ಮುಗಿಯುತ್ತದೆ. ಅವರದು ಆಸೆ, ಇವನದು ಅಗತ್ಯ.

ಉಂಡ ಮನೆಯ ಹಂಗು

ಭತ್ಯೆಯಿಂದ ಹೊಟ್ಟೆ ತುಂಬುವುದಷ್ಟೇ ಅಲ್ಲ. 'ಉಂಡ ಮನೆಗೆ ಎರಡು ಬಗೆಯಬಾರದು' ಎಂಬ ಗಾದೆ ನಮ್ಮಲ್ಲಿದೆ. ಮನುಷ್ಯ ಸಂಬಂಧದಲ್ಲಿ ಇದು ದೊಡ್ಡ ಮಾತು. ಆಡಳಿತದಲ್ಲಿ ಮಾತ್ರ ಇದೇ ಮಾತು ಅಪಾಯಕಾರಿ. ತಪಾಸಣೆಗೆ ಬಂದವನು ತಪಾಸಣೆಗೆ ಒಳಗಾಗುವವನ ಮನೆಯಲ್ಲಿ ಉಂಡರೆ ತಪಾಸಣೆ ಹೇಗೆ ನಡೆದೀತು? ಶಾಲೆ ನೋಡಲು ಬಂದ ಸಾಹೇಬರಿಗೆ ಮುಖ್ಯೋಪಾಧ್ಯಾಯರು, ಕಾಮಗಾರಿ ಅಳೆಯಲು ಬಂದ ಎಂಜಿನಿಯರಿಗೆ ಗುತ್ತಿಗೆದಾರರು, ಲೆಕ್ಕ ನೋಡಲು ಬಂದವರಿಗೆ ಸೊಸೈಟಿಯ ಕಾರ್ಯದರ್ಶಿ ಊಟದ ವ್ಯವಸ್ಥೆ ಮಾಡುವುದು ನಮ್ಮ ಊರುಗಳಲ್ಲಿ ಹೊಸದಲ್ಲ. ಅದರಲ್ಲಿ ಅತಿಥಿ ಸತ್ಕಾರವೂ ಇರುತ್ತದೆ, ಎಣಿಕೆಯೂ ಇರುತ್ತದೆ. ಎರಡನ್ನೂ ಬಿಡಿಸುವುದು ಬಡಿಸಿದವನಿಗೂ ಕಷ್ಟ. ದಿನಭತ್ಯೆ ಸಾಲುವಷ್ಟಿದ್ದು ಸಕಾಲಕ್ಕೆ ಕೈಸೇರಿದರೆ ಬಂದವನು 'ನನ್ನ ಊಟ ನನ್ನದು' ಎನ್ನಬಹುದು. ಎನ್ನದಿದ್ದರೆ ಅದು ಅವನ ತಪ್ಪು. ಭತ್ಯೆ ಸಾಲದಿದ್ದರೆ ತಪ್ಪಿನಲ್ಲಿ ಕಳುಹಿಸಿದವರಿಗೂ ಪಾಲುಂಟು.

ಈ ಮಾತು ಎಲ್ಲಕ್ಕಿಂತ ಹೆಚ್ಚು ಅನ್ವಯಿಸುವುದು ಮೊದಲು ಹೇಳಿದ ಆ ಸಾಕ್ಷಿಗೆ. ಅವನು ನೌಕರನಲ್ಲ. ಅವನಿಗೆ ಕೇಂದ್ರಸ್ಥಾನವಿಲ್ಲ, ದರ್ಜೆಯಿಲ್ಲ. ಕಣ್ಣಿಗೆ ಬಿದ್ದದ್ದನ್ನು ಹೇಳಲು ಬಾ ಎಂದು ನ್ಯಾಯಾಲಯ ಕರೆದಿದೆ, ಬಂದಿದ್ದಾನೆ. ಆ ದಿನದ ಕೂಲಿ ಹೋಯಿತು. ಸಿವಿಲ್ ದಾವೆಯಾದರೆ, 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರ, ಸಾಕ್ಷಿಯನ್ನು ಕರೆಸುವವರು ಅವನ ಹೋಗಿಬರುವ ಖರ್ಚು ಮತ್ತು ಒಂದು ದಿನದ ಹಾಜರಿಯ ಹಣವನ್ನು ಸಮನ್ಸ್ ಹೊರಡುವ ಮುನ್ನವೇ ನ್ಯಾಯಾಲಯದಲ್ಲಿ ಕಟ್ಟಬೇಕು. ಕ್ರಿಮಿನಲ್ ಮೊಕದ್ದಮೆಗಳಲ್ಲಿ ಸಾಕ್ಷಿಯ ನ್ಯಾಯವಾದ ಖರ್ಚನ್ನು ಸರ್ಕಾರದಿಂದ ಕೊಡಿಸುವ ಅಧಿಕಾರ ನ್ಯಾಯಾಲಯಕ್ಕಿದೆ. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿದ್ದ ಈ ಏರ್ಪಾಡು 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಮುಂದುವರಿದಿದೆ.

ಕಾನೂನಿನಲ್ಲಿ ಇದೆ, ಕೈಗೆ ಬರುವುದು ಬೇರೆ ಮಾತು. 2000ದಲ್ಲಿ ಸ್ವರಣ್ ಸಿಂಗ್ ಮತ್ತು ಪಂಜಾಬ್ ರಾಜ್ಯದ ನಡುವಣ ಮೊಕದ್ದಮೆಯ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸಾಕ್ಷಿಗಳ ಪಾಡನ್ನು ನೊಂದು ಚಿತ್ರಿಸಿತು. ದೂರದಿಂದ ಬಂದ ಸಾಕ್ಷಿ ವಿಚಾರಣೆ ಮುಂದೂಡಿದ್ದನ್ನು ಕೇಳಿ ಮರಳುತ್ತಾನೆ. ಮತ್ತೆ ಬರುತ್ತಾನೆ, ಮತ್ತೆ ಮರಳುತ್ತಾನೆ. ಊಟದ ಬಾಟಾ ಪಡೆಯಲು ಇನ್ನೊಂದು ಸುತ್ತಿನ ಅಲೆದಾಟ ಶುರುವಾದಾಗ ಅದರ ಸಹವಾಸವೇ ಬೇಡವೆಂದು ಕೈಬಿಡುತ್ತಾನೆ ಎಂಬರ್ಥದ ಮಾತುಗಳು ಆ ತೀರ್ಪಿನಲ್ಲಿವೆ.

ಬಾಟಾ ಕೈಬಿಟ್ಟ ಸಾಕ್ಷಿ ಉಪವಾಸವಂತೂ ಇರುವುದಿಲ್ಲ. ನ್ಯಾಯಾಲಯದ ಎದುರಿನ ಹೋಟೆಲಿಗೆ ಯಾರಾದರೊಬ್ಬರು ಕರೆದುಕೊಂಡು ಹೋಗುತ್ತಾರೆ. ಬಸ್ ಚಾರ್ಜು ಕೈಗಿಡುತ್ತಾರೆ. ಅವರು ವಾದಿಯ ಕಡೆಯವರೋ, ಪ್ರತಿವಾದಿಯ ಕಡೆಯವರೋ, ಯಾರೇ ಇರಲಿ. ಮಧ್ಯಾಹ್ನ ಕಟಕಟೆ ಹತ್ತುವ ಹೊತ್ತಿಗೆ ಅವನ ಹೊಟ್ಟೆಯಲ್ಲಿ ಇನ್ನೊಬ್ಬರ ಅನ್ನವಿರುತ್ತದೆ. ಉಂಡ ಮನೆಗೆ ಎರಡು ಬಗೆಯಬಾರದೆಂದು ಅವನಿಗೆ ಚಿಕ್ಕಂದಿನಿಂದ ಹೇಳಿಕೊಟ್ಟಿರುತ್ತಾರೆ.

ಹಿರೇಹಡಗಲಿಯ ತಾಮ್ರಪಟದಿಂದ ಇಂದಿನ ಆದೇಶದವರೆಗೆ ಪ್ರಶ್ನೆ ಬದಲಾಗಿಲ್ಲ. ಕೆಲಸದ ಮೇಲೆ ಹೊರಟವನ ಅನ್ನದ ಖರ್ಚು ಎಂದೂ ಇಲ್ಲವಾಗುವುದಿಲ್ಲ, ಕೈ ಬದಲಾಯಿಸುತ್ತದೆ ಅಷ್ಟೇ. ಕಳುಹಿಸಿದವರು ಕೊಡದಿದ್ದರೆ ಹೋದವನು ಕೊಡುತ್ತಾನೆ, ಅವನ ಕೈಲಾಗದಿದ್ದರೆ ದಾರಿಯಲ್ಲಿ ಸಿಕ್ಕವರು ಕೊಡುತ್ತಾರೆ. ಹಾಗೆ ಕೊಟ್ಟವರಲ್ಲಿ ಹಳ್ಳಿಯ ಆ ಪುಣ್ಯಾತ್ಮನಂತೆ ಮುದ್ದೆ ಬಡಿಸಿ ಮರೆತುಬಿಡುವವರು ಕೆಲವರು. ನೆನಪಿಟ್ಟುಕೊಳ್ಳುವವರೂ ಇರುತ್ತಾರೆ.